ತಲೆಗೆ ಸುರಿದ ನೀರು ಕಾಲಿಗೆ ಇಳಿಯಿತು

ಹದಿಮೂರನೇ ಕಿಲೋಮೀಟರಿನ ಬೋರ್ಡ್ ದಾಟಿದ ಮೇಲೆ ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಏನೋ ಬೆಚ್ಚಗಾಯಿತು. ನೋವಲ್ಲ. ಬಿಸಿ ಕಾಫಿ ಲೋಟಕ್ಕೆ ಬೆರಳು ತಾಗಿಸಿಕೊಂಡ ಹಾಗೆ ಅಷ್ಟೆ. ಓಡುವವರು ಇದನ್ನು ‘ಹಾಟ್ ಸ್ಪಾಟ್’ ಅನ್ನುತ್ತಾರಂತೆ. ಬೊಬ್ಬೆ, ಅಂದ್ರೆ ನೀರುಗುಳ್ಳೆ, ಬರುವ ಮುಂಚೆ ಕಾಲು ಕೊಡುವ ಒಂದೇ ಒಂದು ಎಚ್ಚರಿಕೆ ಅದು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಅವತ್ತು ನಾನು ಕೈಗಡಿಯಾರ ನೋಡಿದೆ. ನಿಂತರೆ ಐದು ನಿಮಿಷ ಹೋಗುತ್ತೆ ಅಂತ ಲೆಕ್ಕ ಹಾಕಿದೆ. ಓಡುತ್ತಲೇ ಹೋದೆ.

ಅದು ನನ್ನ ಮೊದಲ ಹಾಫ್ ಮ್ಯಾರಥಾನ್, 21.1 ಕಿಲೋಮೀಟರ್. ನಾಲ್ಕು ತಿಂಗಳು ಲಾಲ್‌ಬಾಗಿನಲ್ಲಿ ಬೆಳಬೆಳಗ್ಗೆ ಓಡಿ ತಯಾರಾಗಿದ್ದೆ. ಹಿಂದಿನ ರಾತ್ರಿ ಏನು ತಿನ್ನಬೇಕು, ಎಷ್ಟು ಗಂಟೆಗೆ ಮಲಗಬೇಕು, ಎದ್ದ ಮೇಲೆ ಬಾಳೆಹಣ್ಣು ಒಂದೋ ಎರಡೋ, ಎಲ್ಲಾ ಪ್ಲಾನ್ ಮಾಡಿದ್ದೆ. ಷೂಗೆ ಐದಾರು ಸಾವಿರ ಸುರಿದಿದ್ದೆ. ಸಾಕ್ಸ್ ಮಾತ್ರ ಮೆಜೆಸ್ಟಿಕ್ಕಿನ ಫುಟ್‌ಪಾತಿನದು, ನೂರಕ್ಕೆ ಮೂರು ಜೊತೆ. “ಪ್ಯೂರ್ ಕಾಟನ್ ಮೇಡಂ” ಅಂದಿದ್ದ. ಖುಷಿಯಾಗಿತ್ತು. ಹತ್ತಿ ಅಂದ್ರೆ ಒಳ್ಳೆಯದು ಅಂತಲೇ ಬೆಳೆದವರು ನಾವು. ಬೇಸಿಗೆಗೆ ಕಾಟನ್ ಸೀರೆ, ಮಗುವಿಗೆ ಕಾಟನ್ ಅಂಗಿ, ಕಾಲಿಗೂ ಕಾಟನ್ ಇರಲಿ.

ಇನ್ನೊಂದು ಕೆಲಸ ಮಾಡಿದ್ದೆ. ಎಂಟು ಗಂಟೆಗೆಲ್ಲ ಬಿಸಿಲು ಏರಿತ್ತು. ನೀರು ಕೊಡುವ ಪ್ರತಿ ಟೇಬಲ್ ಹತ್ತಿರ ಒಂದು ಲೋಟ ಕುಡಿಯೋದು, ಇನ್ನೊಂದು ಲೋಟ ತಲೆಗೆ ಸುರಿದುಕೊಳ್ಳೋದು. ಆಹಾ, ಏನು ಸುಖ! ಆ ನೀರು ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಕಾಲಿಗೆ, ಕಾಲಿನಿಂದ ಸೀದಾ ಸಾಕ್ಸ್ ಒಳಗೆ ಇಳಿಯುತ್ತಿತ್ತು. ಹತ್ತನೇ ಕಿಲೋಮೀಟರಿನಿಂದಲೇ ಹೆಜ್ಜೆ ಹೆಜ್ಜೆಗೂ ಪಚಕ್ ಪಚಕ್ ಸದ್ದು. ಮಳೆಗಾಲದಲ್ಲಿ ಸ್ಕೂಲಿಂದ ಮನೆಗೆ ಬರುವಾಗ ಕೇಳುತ್ತಿದ್ದ ಸದ್ದು ಅದು. ಅಪಾಯ ಅಂತ ಹೊಳೆಯಲೇ ಇಲ್ಲ.

ಹದಿನಾರಕ್ಕೆ ಬರುವಾಗ ಬೆಚ್ಚಗಿದ್ದದ್ದು ಉರಿಯಾಗಿತ್ತು. ನೋವು ತಪ್ಪಿಸಲು ಪಾದದ ಹೊರ ಅಂಚಿನ ಮೇಲೆ ಕಾಲೂರತೊಡಗಿದೆ. ಹಾಗೆ ಓಡಿದರೆ ಮೊಣಕಾಲು ಸುಮ್ನೆ ಇರುತ್ತಾ? ಬಲ ಮೊಣಕಾಲು ಹಿಡಿದುಕೊಂಡಿತು. ಹದಿನೆಂಟರ ಹತ್ತಿರ ಒಳಗೆ ಏನೋ ಕಳಚಿಕೊಂಡ ಹಾಗಾಯಿತು, ಒಮ್ಮೆಲೇ ಉಪ್ಪು ಸವರಿದಂಥ ಉರಿ. ಬೊಬ್ಬೆ ಒಡೆದಿತ್ತು. ಉಳಿದ ಮೂರು ಕಿಲೋಮೀಟರ್ ಕುಂಟುತ್ತಾ, ನಡೆಯುತ್ತಾ, ಫೋಟೋ ತೆಗೆಯುವವರು ಕಂಡಲ್ಲಿ ಮಾತ್ರ ಓಡುತ್ತಾ ಮುಗಿಸಿದೆ. 2 ಗಂಟೆ 51 ನಿಮಿಷ. ಮೆಡಲ್ ಹಾಕಿಸಿಕೊಂಡು ಹುಲ್ಲಿನ ಮೇಲೆ ಕೂತು ಷೂ ಬಿಚ್ಚಿದರೆ ಬಿಳಿ ಸಾಕ್ಸಿನ ಮೂಲೆ ತಿಳಿಗುಲಾಬಿ ಬಣ್ಣವಾಗಿತ್ತು.

ಷೂ ಕಚ್ಚಿದೆ. ಅಂಗಡಿಗೆ ಹೋಗಿ ವಾಪಸ್ ಕೊಡಬೇಕು. ಆಟೋದಲ್ಲಿ ಮನೆ ಮುಟ್ಟುವವರೆಗೂ ಇದೇ ತಲೆಯಲ್ಲಿ. ಕನ್ನಡದಲ್ಲಿ ಕಚ್ಚುವುದು ಯಾವಾಗಲೂ ಚಪ್ಪಲಿ ಅಥವಾ ಷೂ. ಸಾಕ್ಸ್ ಕಚ್ಚಿತು ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಅಜ್ಜಿ ಹೊಸ ತೊಗಲಿನ ಚಪ್ಪಲಿ ತಂದಾಗ ಕಚ್ಚುವ ಜಾಗಕ್ಕೆ ಹರಳೆಣ್ಣೆ ಸವರಿ ಒಂದು ರಾತ್ರಿ ಇಡುತ್ತಿದ್ದಳು. ತೊಗಲು ಮೆತ್ತಗಾಗಿ ಮಾತು ಕೇಳುತ್ತಿತ್ತು. ಬರಿಗಾಲಿಗೆ ಹಾಕುವ ಚಪ್ಪಲಿಗೆ ಅದು ಸರಿಯಾದ ಉಪಾಯವೇ. ನನ್ನ ಷೂ ಬಟ್ಟೆಯದು. ಎರಡು ತಿಂಗಳಿಂದ ಅದರಲ್ಲೇ ಓಡಿದ್ದೆ. ಕಚ್ಚುವುದಾಗಿದ್ದರೆ ಯಾವಾಗಲೋ ಕಚ್ಚಬೇಕಿತ್ತು.

ಅವತ್ತು ಹಾಸನದಿಂದ ಚಿಕ್ಕಪ್ಪ ಬಂದಿದ್ದರು. ಪ್ರತಿ ವರ್ಷ ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಬೊಬ್ಬೆ ವಿಷಯದಲ್ಲಿ ನಮ್ಮ ಮನೆತನದಲ್ಲಿ ಅವರಷ್ಟು ಅನುಭವ ಇನ್ನೊಬ್ಬರಿಗಿಲ್ಲ. ಅವರು ಷೂ ಕಡೆ ನೋಡಲೇ ಇಲ್ಲ. ಸಾಕ್ಸ್ ಎತ್ತಿ ಬಚ್ಚಲಲ್ಲಿ ಹಿಂಡಿದರು. ನೀರು ಸುರಿಯಿತು.

“ಒದ್ದೆ ಬಟ್ಟೆ ಸುತ್ತಿಕೊಂಡು ಓಡಿದ್ದೀಯಲ್ಲೇ” ಅಂದರು.

ಒಡೆದ ಬೊಬ್ಬೆಯ ಮೇಲೆ ಜೋತಾಡುತ್ತಿದ್ದ ಚರ್ಮ ಕತ್ತರಿಸಲು ನಾನು ಕತ್ತರಿ ತೆಗೆದಿದ್ದೆ. ಕೈಯಿಂದ ಕಿತ್ತುಕೊಂಡರು. ಆ ಚರ್ಮವೇ ಪುಕ್ಕಟೆ ಬ್ಯಾಂಡೇಜ್ ಅಂತ ಅವರ ವಾದ. ಆಮೇಲೆ ಡಾಕ್ಟರೂ ಅದನ್ನೇ ಹೇಳಿದರು. ಸೋಪು ನೀರಲ್ಲಿ ತೊಳೆದು, ಚರ್ಮವನ್ನು ಮತ್ತೆ ಮಟ್ಟಸವಾಗಿ ಹಾಸಿ, ಮುಲಾಮು ಹಚ್ಚಿ, ಅಂಟದ ಪಟ್ಟಿ ಇಟ್ಟು ಕಟ್ಟಿದರು. ಬಲಗಾಲಿನ ಕಿರುಬೆರಳಲ್ಲಿ ಕಡಲೆಕಾಳಿನಷ್ಟು ಇನ್ನೊಂದು ಇತ್ತು, ಒಡೆದಿರಲಿಲ್ಲ. ಅದರ ತಂಟೆಗೆ ಹೋಗಲಿಲ್ಲ. ನಾಲ್ಕೈದು ದಿನದಲ್ಲಿ ತಾನೇ ಒಣಗಿತು. ದೊಡ್ಡದಾಗಿ ಊದಿ, ನೋಯುತ್ತಿದ್ದರೆ ಮಾತ್ರ ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಬಸಿಯಬಹುದು. ಚಿಕ್ಕಪ್ಪನಿಗೆ ಶುಗರ್ ಇದೆ. ಹಾಗಾಗಿ ತಮ್ಮ ಕಾಲಿಗೆ ಅವರು ಅದನ್ನೂ ಮಾಡಿಕೊಳ್ಳುವುದಿಲ್ಲ, ಡಾಕ್ಟರ ಹತ್ತಿರವೇ ಹೋಗುತ್ತಾರೆ. ಶುಗರ್ ಇರುವವರ ಕಾಲಿನ ಗಾಯ ಬೇಗ ಮಾಯುವುದಿಲ್ಲ.

ಒಂದು ವಾರ ಓಡಲಾಗಲಿಲ್ಲ. ಕೂತು ಓದಿದೆ. ಬೊಬ್ಬೆ ಅಂದ್ರೆ ಮೇಲಿನಿಂದ ಉಜ್ಜಿ ಉಜ್ಜಿ ಆಗುವ ಗಾಯ ಅಂದುಕೊಂಡಿದ್ದೆ. ಹಾಗಲ್ಲ. ಈಗಲೇ ಬಲಗೈ ತೋರುಬೆರಳನ್ನು ಎಡಗೈಯ ಹಿಂಭಾಗದ ಮೇಲೆ ಒತ್ತಿ ಹಿಂದೆ ಮುಂದೆ ಆಡಿಸಿ. ಬೆರಳು ಜಾರಬಾರದು. ಚರ್ಮ ಬೆರಳಿಗೆ ಅಂಟಿಕೊಂಡೇ ಇರುತ್ತದೆ, ಒಳಗಿನ ಮೂಳೆ ಮಾತ್ರ ನಿಂತಲ್ಲೇ ನಿಂತಿರುತ್ತದೆ, ಅಲ್ವಾ? ಓಡುವಾಗ ಪಾದದಲ್ಲಿ ಆಗುವುದು ಇದೇ, ಆದರೆ ಅಲ್ಲಿ ಆಡುವುದು ಮೂಳೆ. ಸಾಕ್ಸ್ ಚರ್ಮವನ್ನು ಹಿಡಿದುಕೊಂಡಿರುತ್ತದೆ, ಮೂಳೆ ಮುಂದೆ ಹೋಗುತ್ತದೆ, ನಡುವಿನ ಪದರ ಎಳೆದಾಡುತ್ತದೆ. ನನ್ನ ವೇಗಕ್ಕೆ 21 ಕಿಲೋಮೀಟರಿಗೆ ಒಂದೊಂದು ಕಾಲು ಸುಮಾರು 13 ಸಾವಿರ ಸಲ ನೆಲ ಮುಟ್ಟುತ್ತದೆ. ಅಷ್ಟು ಸಲ ಎಳೆದರೆ ಚರ್ಮದ ಒಳಪದರ ಹರಿಯುತ್ತದೆ, ಆ ಬಿರುಕಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಅದೇ ಬೊಬ್ಬೆ. ಚರ್ಮ ಬೆವರಿ ಮೆತ್ತಗಾದಷ್ಟೂ ಸಾಕ್ಸಿನ ಹಿಡಿತ ಬಿಗಿ.

ಹತ್ತಿಯ ತಕರಾರು ಇಲ್ಲೇ. ಸುಮ್ನೆ ಗಾಳಿಯಲ್ಲಿ ಬಿಟ್ಟರೂ ಹತ್ತಿ ತನ್ನ ತೂಕದ ನೂರಕ್ಕೆ 7-8 ಭಾಗ ನೀರು ಹೀರಿ ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರಿಗೆ ಅದು ನೂರಕ್ಕೆ ಅರ್ಧ ಭಾಗವೂ ಇಲ್ಲ. ಹತ್ತಿ ಹೀರುತ್ತದೆ, ಬಿಡುವುದಿಲ್ಲ. ಸೀರೆಯಾಗಿದ್ದರೆ ಗಾಳಿಗೆ ಆರುತ್ತಿತ್ತು. ಷೂ ಒಳಗೆ ಎಲ್ಲಿಯ ಗಾಳಿ? ಒದ್ದೆಯಾಗಿ ಜೋಲುತ್ತದೆ, ಮುದುರುತ್ತದೆ, ಮುದುರಿದ ಜಾಗದಲ್ಲೇ ಎಳೆತ ಜಾಸ್ತಿ.

ಮುಂದಿನ ಸಲ ಅಂಗಡಿಗೆ ಹೋದಾಗ ಜೀವನದಲ್ಲಿ ಮೊದಲ ಬಾರಿ ಸಾಕ್ಸಿನ ಲೇಬಲ್ ಓದಿದೆ. ಪಾಲಿಯೆಸ್ಟರ್, ನೈಲಾನ್, ಎಳೆದರೆ ಹಿಗ್ಗುವ ಸ್ಪ್ಯಾಂಡೆಕ್ಸ್ ಸ್ವಲ್ಪ ಇರುವ ಒಂದು ಜೊತೆ ತಗೊಂಡೆ. ಮೆರಿನೊ ಉಣ್ಣೆಯದೂ ಚೆನ್ನಾಗಿರುತ್ತದಂತೆ, ಒದ್ದೆಯಾದರೂ ಜೋಲುವುದಿಲ್ಲವಂತೆ. ಬೆಲೆ ನೋಡಿ ಕೆಳಗಿಟ್ಟೆ. ಆಮೇಲೆ ಐದು ಬೆರಳಿಗೂ ಬೇರೆ ಬೇರೆ ಚೀಲ ಇರುವ ಸಾಕ್ಸ್. ಬೆರಳುಗಳ ನಡುವೆ ಬೊಬ್ಬೆ ಬರುವವರಿಗೆ ಅದು ಒಳ್ಳೆಯದು. ಅದನ್ನು ಹಾಕಿಕೊಳ್ಳಲು ಒಂದೊಂದು ಬೆರಳನ್ನೂ ಕರೆದು ಕೂರಿಸಬೇಕು. ಅಮ್ಮ ನೋಡಿ, “ಕಾಲಿಗೂ ಗ್ಲೌಸ್ ಬಂತಾ?” ಅಂದಳು. ಎರಡು ಸಲ ಹಾಕಿ ಬಿಟ್ಟೆ. ನನ್ನ ಕಾಲಿಗೆ ಹೊಂದಿದ್ದು ಎರಡು ಪದರದ ಸಾಕ್ಸ್. ಒಳಪದರ ಚರ್ಮದ ಜೊತೆ, ಹೊರಪದರ ಷೂ ಜೊತೆ. ಎಳೆದಾಟ ಅವೆರಡರ ನಡುವೆ ನಡೆಯುತ್ತದೆ, ಚರ್ಮ ತಣ್ಣಗಿರುತ್ತದೆ. ಒಂದು ಜೊತೆಗೆ ಆರುನೂರು ಅಂದಾಗ ಹೊಟ್ಟೆ ಚುರುಕ್ ಅಂದಿದ್ದು ನಿಜ.

ಬಟ್ಟೆಗಿಂತ ಅಳತೆ ಮುಖ್ಯ ಅಂತ ಈಗ ನನಗನ್ನಿಸುತ್ತದೆ. ಫುಟ್‌ಪಾತಿನದು ‘ಫ್ರೀ ಸೈಜ್’. ಯಾರ ಕಾಲಿಗೂ ಸರಿಯಾಗದ ಸೈಜ್ ಅದು. ನನ್ನದು ಚಿಕ್ಕ ಕಾಲು. ಸಾಕ್ಸಿನ ಹಿಮ್ಮಡಿ ನನ್ನ ಹಿಮ್ಮಡಿಗಿಂತ ಮೇಲಕ್ಕೆ ಹೋಗುತ್ತಿತ್ತು, ಮಿಕ್ಕ ಬಟ್ಟೆ ಬೆರಳಿನ ಬುಡದಲ್ಲಿ ಮಡಿಕೆ ಬೀಳುತ್ತಿತ್ತು. ಬೊಬ್ಬೆ ಬಂದಿದ್ದು ಆ ಮಡಿಕೆಯ ಕೆಳಗೇ. ಬೆರಳ ತುದಿಯ ಹೊಲಿಗೆ ದಪ್ಪವಿದ್ದರೆ ಸಾಕ್ಸ್ ತಿರುಗಿಸಿ, ಒಳಗಿನದು ಹೊರಗೆ ಮಾಡಿ ಹಾಕಿಕೊಳ್ಳಬಹುದು. ನೋಡುವವರು ನಗುತ್ತಾರೆ, ನಗಲಿ.

ಚಿಕ್ಕಪ್ಪ ಹೇಳಿದ ಇನ್ನೊಂದು ಉಪಾಯ ಪೇಪರ್ ಟೇಪ್. ಮೆಡಿಕಲ್ ಶಾಪಿನಲ್ಲಿ ಸಿಗುವ ಮೈಕ್ರೋಪೋರ್, ಬಿಳಿ ಕಾಗದದಂಥದ್ದು. ಹೊರಡುವ ಮುಂಚೆಯೇ, ಪಾದ ಒಣಗಿರುವಾಗ, ಬೊಬ್ಬೆ ಬರುವ ಜಾಗಕ್ಕೆ ಒಂದೇ ಪದರ ಮಡಿಕೆ ಬೀಳದ ಹಾಗೆ ಅಂಟಿಸಿಬಿಡುತ್ತಾರೆ. ಹಳ್ಳಿ ಔಷಧ ಅಂತ ನಾನು ನಕ್ಕಿದ್ದೆ. ನೋಡಿದರೆ ಇದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ್ದಾರೆ. ದಿನಗಟ್ಟಲೆ ನಡೆಯುವ 250 ಕಿಲೋಮೀಟರಿನ ಓಟಗಳಲ್ಲಿ 128 ಓಟಗಾರರ ಕಾಲಿಗೆ ಅಂಟಿಸಿ ನೋಡಿದರು. ಟೇಪ್ ಇದ್ದ ಜಾಗದಲ್ಲಿ ಬೊಬ್ಬೆ ನೂರಕ್ಕೆ 40ರಷ್ಟು ಕಡಿಮೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. “ಅವರು ಯಾವ ದಾರಿಯಲ್ಲಿ ನಡೆದರಂತೆ?” ಅಂತ ಕೇಳಿದರು.

ಬರಿಗಾಲಲ್ಲಿ ಓಡಿದರೆ ಈ ರಗಳೆಯೇ ಇಲ್ಲ ಅನ್ನುವ ಗೆಳೆಯರೂ ಇದ್ದಾರೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದ ಕಥೆ ತೆಗೆಯುತ್ತಾರೆ. ಆತನಿಗೆ ಹೊಂದುವ ಷೂ ಸಿಗದೆ ಹಾಗೆ ಓಡಿದ್ದು. ನಾಲ್ಕು ವರ್ಷದ ಮೇಲೆ ಟೋಕಿಯೊದಲ್ಲಿ ಷೂ, ಸಾಕ್ಸ್ ಎರಡೂ ಹಾಕಿಕೊಂಡು ಇನ್ನೂ ಬೇಗ ಓಡಿ ಗೆದ್ದ. ಈ ಅರ್ಧ ಕಥೆಯನ್ನು ಅವರು ಹೇಳುವುದಿಲ್ಲ.

ಎರಡನೇ ಹಾಫ್ ಓಡಿದಾಗ ನೀರನ್ನು ತಲೆಗೆ ಸುರಿಯದೆ ಕರ್ಚೀಫ್ ಒದ್ದೆ ಮಾಡಿ ಕತ್ತಿಗೆ ಹಾಕಿಕೊಂಡೆ. ಒಂಬತ್ತನೇ ಕಿಲೋಮೀಟರಿನಲ್ಲಿ ಬಲಹಿಮ್ಮಡಿ ಬೆಚ್ಚಗಾಯಿತು. ಈ ಸಲ ನಿಂತೆ. ಫುಟ್‌ಪಾತ್ ಕಲ್ಲಿನ ಮೇಲೆ ಕೂತು ಸಾಕ್ಸ್ ಎಳೆದು ಸರಿ ಮಾಡಿ, ಒರೆಸಿ, ಟೇಪ್ ಅಂಟಿಸಿ, ಲೇಸನ್ನು ಕೊನೆಯ ತೂತಿನವರೆಗೂ ಪೋಣಿಸಿ ಹಿಮ್ಮಡಿ ಆಡದ ಹಾಗೆ ಬಿಗಿದೆ. ನಾಲ್ಕು ನಿಮಿಷ ಹೋಯಿತು. 2 ಗಂಟೆ 38 ನಿಮಿಷಕ್ಕೆ ಮುಗಿಯಿತು, ಕಾಲು ಕಾಲಾಗಿಯೇ ಇತ್ತು.

ಈ ಶಿವರಾತ್ರಿಗೆ ಹದಿನೈದು ದಿನ ಮುಂಚೆ ಚಿಕ್ಕಪ್ಪ ಫೋನ್ ಮಾಡಿದರು. ಆ ಎರಡು ಪದರದ್ದು ತಮ್ಮ ಕಾಲಿಗೆ ಆಗುತ್ತಾ ಅಂತ ವಿಚಾರಣೆ. ಘಾಟಿ ಇಳಿಯುವಾಗ ಬೆರಳೆಲ್ಲ ಷೂ ಮುಂದಕ್ಕೆ ಹೋಗಿ ಗುದ್ದುತ್ತವೆ, ಉಗುರು ಕಪ್ಪಾಗುತ್ತದೆ, ಅದಕ್ಕೂ ಆಗುತ್ತಾ ಅಂತ. ಅದಕ್ಕೆ ಸಾಕ್ಸ್ ಆಗಲ್ಲ, ಉಗುರು ಕತ್ತರಿಸಿಕೊಂಡು ಲೇಸ್ ಬಿಗಿ ಮಾಡಬೇಕು ಅಂದೆ. ಅವರ ಅಳತೆಯ ಎರಡು ಜೊತೆ ಕಳಿಸಿದೆ. ವಾಪಸ್ ಬಂದ ಮೇಲೆ ಬೊಬ್ಬೆ ಬಂತಾ ಅಂತ ಕೇಳಿದೆ. ಗೊತ್ತಿಲ್ಲ ಅಂದರು. ಕೊಟ್ಟಿಗೆಹಾರದಲ್ಲಿ ಯಾರೋ ಹುಡುಗ ಕುಂಟುತ್ತಾ ಕೂತಿದ್ದನಂತೆ, ಒಂದು ಜೊತೆ ಅವನಿಗೆ ಕೊಟ್ಟರಂತೆ. ಇನ್ನೊಂದು ಜೊತೆ ತುಂಬಾ ಚೆನ್ನಾಗಿದೆ ಅಂತ ಇನ್ನೂ ಪ್ಯಾಕೆಟ್ಟಿನಿಂದ ತೆಗೆದೇ ಇಲ್ಲವಂತೆ.