ಅಂಗನವಾಡಿಗೆ ಮನೆ ಬೇಕಾಗಿದೆ

ಮಡಿಕೇರಿಯಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟ. ಅಂಗನವಾಡಿಗೆ ಎಂದರಂತೂ ತೆರೆಯುತ್ತಿದ್ದ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. "ಮೊದಲು ಮನೆ ನೋಡೋಣ ಅಕ್ಕ, ಯಾತಕ್ಕೆ ಎನ್ನುವುದನ್ನು ಆಮೇಲೆ ಹೇಳೋಣ" ಎಂದು ಟೀಚರ್ ದಾರಿಯಲ್ಲೇ ನನಗೆ ಪಾಠ ಹೇಳಿದ್ದರು.

ಅದು ಜೂನ್ ತಿಂಗಳ ಒಂದು ಶುಕ್ರವಾರ, ಸಂತೆಯ ದಿನ. ಮಳೆ ಹಿಡಿದ ಮೇಲೆ ನಮ್ಮೂರಿನಲ್ಲಿ ಅದು ಬಿಡಲಿ ಎಂದು ಯಾರೂ ಕಾಯುವುದಿಲ್ಲ, ಕೊಡೆ ಬಿಡಿಸಿ ಹೊರಡುವುದಷ್ಟೇ. ನಮ್ಮ ಬಡಾವಣೆಯ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ನಾನೂ ಒಬ್ಬಳು. ಸಮಿತಿ ಎಂದರೆ ಹೆಚ್ಚಾಗಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಕಾಫಿ ಕುಡಿದು ಬರುವ ಕೆಲಸ. ಈ ಸಲ ಅಷ್ಟಕ್ಕೇ ಮುಗಿಯಲಿಲ್ಲ. ಮಕ್ಕಳನ್ನು ಸೇರಿಸಲು ಬಂದ ತಾಯಂದಿರಿಗೆ ಟೀಚರ್ "ಸ್ವಲ್ಪ ದಿನ ಬಿಟ್ಟು ಬನ್ನಿ" ಎನ್ನತೊಡಗಿದ್ದರು. ಅಂಗನವಾಡಿಗೆ ಸೀಟು ಭರ್ತಿ ಎಂಬ ಮಾತಿಲ್ಲ, ಬಾಗಿಲಿಗೆ ಬಂದ ಮಗುವನ್ನು ಕಳಿಸಿಬಿಡುವ ಮನಸ್ಸು ಅವರಿಗೂ ಇಲ್ಲ. ಆದರೆ ಕೂರಿಸುವುದೆಲ್ಲಿ?

ನಮ್ಮ ಕೇಂದ್ರವಿರುವುದು ಒಂದು ಮನೆಯ ಮುಂದಿನ ಕೋಣೆಯಲ್ಲಿ. ನಡುವೆ ಕಬ್ಬಿಣದ ಬೀರು ಅಡ್ಡ ಇಟ್ಟಿದ್ದಾರೆ. ಬೀರುವಿನ ಆಚೆ ಅಡುಗೆಮನೆ, ಈಚೆ ಶಾಲೆ. ಆಚೆ ಕುಕ್ಕರ್ ಕೂಗಿದರೆ ಈಚೆ ಪದ್ಯ ಹೇಳುವ ಮಕ್ಕಳು ಅದಕ್ಕಿಂತ ಜೋರಾಗಿ ಕೂಗುತ್ತಾರೆ. ಆ ಬೆಳಿಗ್ಗೆ ಸಹಾಯಕಿ ಒದ್ದೆ ಚಾಪೆಯೊಂದನ್ನು ಒಲೆಯ ಪಕ್ಕದ ಕುರ್ಚಿಗೆ ಹೊದಿಸಿ, ಆಗಾಗ ಮಗ್ಗುಲು ಬದಲಿಸಿ ಒಣಗಿಸುತ್ತಿದ್ದರು. ಉಳಿದ ಚಾಪೆಯ ಮೇಲೆ ಮಕ್ಕಳು ಒತ್ತೊತ್ತಾಗಿ ಕೂತಿದ್ದರು. ಗೋಡೆಯ ಬುಡ ಹಸಿರುಗಟ್ಟಿತ್ತು. ಮಕ್ಕಳ ಎತ್ತರ ಅಳೆಯುವ ಪಟ್ಟಿಯನ್ನು ಹೊರಗಿನ ವರಾಂಡದಲ್ಲಿ ಅಂಟಿಸಿದ್ದರು. ಯಾಕೆ ಎಂದು ಕೇಳಿದೆ. "ಒಳಗೆ ಅಂಟು ಹಿಡಿಯುವ ಗೋಡೆಯಿಲ್ಲ" ಎಂದರು.

ಮೊದಲು ನೋಡಿದ ಮನೆ ಚೆನ್ನಾಗಿತ್ತು. ಎರಡು ಕೋಣೆ, ಬಿಸಿಲು ಬೀಳುವ ಅಂಗಳ. ವಿಷಯ ತಿಳಿದ ಮಾಲೀಕರು ನಕ್ಕು, "ವಾರದ ಕೊನೆಗೆ ಎರಡು ದಿನ ಪ್ರವಾಸಿಗರಿಗೆ ಬಿಟ್ಟರೆ ನಿಮ್ಮ ಸರ್ಕಾರದ ತಿಂಗಳ ಬಾಡಿಗೆ ನನ್ನ ಕೈಗೆ ಬರುತ್ತದೆ ಅಮ್ಮಾ" ಎಂದರು. ಅವರ ಲೆಕ್ಕದಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಗೇಟಿಗೊಂದು ಹೋಂಸ್ಟೇ ಬೋರ್ಡು ತೂಗುವ ಊರಿನಲ್ಲಿ ಮೂರು ವರ್ಷದ ಮಕ್ಕಳು ಬಾಡಿಗೆಯಲ್ಲಿ ಪೈಪೋಟಿ ನಡೆಸಬೇಕಾಗಿರುವುದು ಬೆಂಗಳೂರಿನ ಗುಂಪುಗಳ ಜೊತೆಗೆ. ಇನ್ನೊಂದು ಕೋಣೆ ಬರೆಯ, ಅಂದರೆ ಕಡಿದಾದ ಗುಡ್ಡದಂಚಿನ, ಕೆಳಗಿತ್ತು. ಬಾಡಿಗೆ ಕಡಿಮೆಯೇ, ಆದರೆ 2018ರ ಆಗಸ್ಟಿನ ಭೂಕುಸಿತವನ್ನು ಕಂಡವರಿಗೆ ಮಳೆಗಾಲದಲ್ಲಿ ಬರೆಯ ಕೆಳಗೆ ಮಕ್ಕಳನ್ನು ಕೂರಿಸುವ ಧೈರ್ಯ ಬರುವುದಿಲ್ಲ. ಮತ್ತೊಂದು ಅಂಗಡಿ ಸಾಲಿನ ಹಿಂದೆ. ಅಲ್ಲಿದ್ದ ಒಂದೇ ಶೌಚಾಲಯ ಸಾಲಿನ ಎಲ್ಲ ಅಂಗಡಿಯವರಿಗೂ ಸೇರಿದ್ದು. ಬಾಗಿಲಿನಿಂದಲೇ ಹಿಂದಿರುಗಿದೆವು.

ಸಂತೆಯ ಹತ್ತಿರದ ಹೋಟೆಲೊಂದರಲ್ಲಿ ಕಾಫಿಗೆ ನಿಂತೆವು. ಹಿಂಬಾಗಿಲ ಬಳಿ, ಮಗುಚಿ ಹಾಕಿದ ಹಾಲಿನ ಕ್ರೇಟಿನ ಮೇಲೆ ಮೂರರ ಆಸುಪಾಸಿನ ಹುಡುಗಿಯೊಬ್ಬಳು ಕೂತಿದ್ದಳು. ಮೈಮೇಲೆ ದೊಡ್ಡವರ ಸ್ವೆಟರ್. ತೋಳು ಮೂರು ಸುತ್ತು ಮಡಚಿದ್ದರೂ ಬೆರಳು ಕಾಣುತ್ತಿರಲಿಲ್ಲ. ಒಳಗೆ ಪಾತ್ರೆ ತೊಳೆಯುತ್ತಿದ್ದ ತಾಯಿ ನಡುನಡುವೆ ಕತ್ತು ಚಾಚಿ ನೋಡುತ್ತಿದ್ದಳು. ಟೀಚರ್‌ಗೆ ಅವಳ ಪರಿಚಯವಿತ್ತು. ಮಗುವನ್ನು ಯಾಕೆ ಕಳಿಸುತ್ತಿಲ್ಲ ಎಂದು ಕೇಳಿಯೇಬಿಟ್ಟರು.

"ನಾಲ್ಕು ಗಂಟೆಗೆ ನೀವು ಬಿಡುತ್ತೀರಿ ಟೀಚರ್. ನನಗೆ ಇಲ್ಲಿ ಬಿಡುವುದು ಆರೂವರೆಗೆ. ನಡುವೆ ಯಾರು ನೋಡಿಕೊಳ್ಳುತ್ತಾರೆ?"

ಅವಳು ಮೊದಲು ದೊಡ್ಡ ಎಸ್ಟೇಟೊಂದರ ಲೈನ್‌ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ಇದ್ದವಳಂತೆ. ಅಲ್ಲಿ ಹಿರಿಯ ಮಗನನ್ನು ಕೆಲಸ ಮುಗಿಯುವವರೆಗೂ ನೋಡಿಕೊಳ್ಳಲು ಒಬ್ಬ ಆಯಾ ಇದ್ದರಂತೆ. ಇರಲೇಬೇಕಿತ್ತು. 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟ ಶಿಶುವಿಹಾರ ನಡೆಸಬೇಕೆಂದು ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ 1951ರಲ್ಲೇ ಹೇಳಿತ್ತು. ಕೊಡಗಿನ ಬಹುಪಾಲು ತೋಟಗಳು ಸಣ್ಣವಾದ್ದರಿಂದ ಅದು ಎಲ್ಲರಿಗೂ ದಕ್ಕಲಿಲ್ಲ ಎನ್ನುವುದು ಬೇರೆ ಮಾತು. ಹಳ್ಳಿಯ ಕಡೆ ಈಗ ಗ್ರಾಮ ಪಂಚಾಯಿತಿಗಳ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳು ಬಂದಿವೆ, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ. ಅದೇ ಹೆಂಗಸು ಪೇಟೆಗೆ ಬಂದು ಪಾತ್ರೆ ತೊಳೆಯಲು ನಿಂತರೆ ತೋಟದ ಕಾಯ್ದೆಯೂ ಅವಳದಲ್ಲ, ಪಂಚಾಯಿತಿಯ ಕೂಸಿನ ಮನೆಯೂ ಅವಳದಲ್ಲ. ಪೇಟೆಯಲ್ಲಿ ಅವಳ ಪಾಲಿಗೆ ಇರುವುದು ಅಂಗನವಾಡಿ ಒಂದೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಯೋಜನೆ ಅದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಮಕ್ಕಳ ಹಸಿವು, ತೂಕ, ಚುಚ್ಚುಮದ್ದು, ನಾಲ್ಕಕ್ಷರ ಇವೆಲ್ಲ ಅದರ ಲೆಕ್ಕದಲ್ಲಿದ್ದವು. ತಾಯಿ ಕೆಲಸ ಮುಗಿಸಿ ಎಷ್ಟು ಹೊತ್ತಿಗೆ ಬರುತ್ತಾಳೆ ಎಂಬುದು ಮಾತ್ರ ಇರಲಿಲ್ಲ.

ಬೆಂಗಳೂರಿನ ಅಂಗನವಾಡಿಗಳಲ್ಲಿ 2024ರಲ್ಲಿ ಸರ್ಕಾರಿ ಮಾಂಟೆಸ್ಸರಿ ಶುರುವಾದಾಗ ನಮ್ಮಲ್ಲೂ ಎಲ್‌ಕೆಜಿ ಬರಲಿ ಎಂದು ಸಮಿತಿಯಲ್ಲಿ ಗಟ್ಟಿಯಾಗಿ ಮಾತನಾಡಿದವಳು ನಾನೇ. ಅದು ಬರಲಿ, ಬೇಡವೆನ್ನುವುದಿಲ್ಲ. ಆದರೆ ಕ್ರೇಟಿನ ಮೇಲೆ ಕೂತ ಆ ಮಗುವಿಗೆ ಸಂಜೆಯ ಎರಡೂವರೆ ಗಂಟೆ ಸಿಗದಿದ್ದರೆ, ಬೆಳಗಿನ ಎಲ್‌ಕೆಜಿಯೂ ಸಿಗುವುದಿಲ್ಲ.

ಇದನ್ನು ಹೇಳಿದಾಗ ಟೀಚರ್ ಲೋಟ ಕೆಳಗಿಟ್ಟರು. "ಆರೂವರೆಯವರೆಗೆ ನಾನೇ ಇರಬೇಕೇ ಅಕ್ಕ? ನನಗೆ ಬರುವುದು ಗೌರವಧನ, ಸಂಬಳವಲ್ಲ. ಮಕ್ಕಳು ಹೋದ ಮೇಲೆ ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ವಿವರ ತುಂಬಬೇಕು, ಮನೆ ಭೇಟಿಗೆ ಹೋಗಬೇಕು. ಚುನಾವಣೆ ಬಂದರೆ ಅದೂ ನಮ್ಮ ತಲೆಗೇ." ಅವರ ಮಾತಿಗೆ ಎದುರು ಹೇಳುವಂಥದ್ದೇನೂ ಇರಲಿಲ್ಲ. ಹೊತ್ತು ಹೆಚ್ಚಿಸುವುದೆಂದರೆ ಇನ್ನೊಬ್ಬರನ್ನು ನೇಮಿಸುವುದು, ಅವರಿಗೂ ಸರಿಯಾಗಿ ಕೊಡುವುದು. ಅಂಗನವಾಡಿಯ ಜೊತೆಗೇ ಶಿಶುಪಾಲನಾ ಕೇಂದ್ರ ನಡೆಸಲು ಕೇಂದ್ರ ಸರ್ಕಾರದ 'ಪಾಲನಾ' ಯೋಜನೆಯಲ್ಲಿ ಬೇರೆಯೇ ಸಿಬ್ಬಂದಿಗೆ ಅವಕಾಶವಿದೆ. ಅದನ್ನು ಕೇಳಬಹುದಲ್ಲ ಎಂದೆ. "ಕೇಳಬಹುದು. ಮೊದಲು ಕೋಣೆ ತೋರಿಸಿ ಎನ್ನುತ್ತಾರೆ" ಎಂದರು. ಮತ್ತೆ ಕೊಡೆ ಬಿಡಿಸಿದೆವು.

ಕೊನೆಗೆ ಸಿಕ್ಕಿದ್ದು ಹಳೆಯ ಮನೆಯೊಂದರ ಔಟ್‌ಹೌಸ್. ಮಂಗಳೂರು ಹೆಂಚು, ಒಣ ಗೋಡೆ, ಪ್ರತ್ಯೇಕ ಶೌಚಾಲಯ. ಮಗ-ಸೊಸೆ ಮೈಸೂರಿನಲ್ಲಿದ್ದಾರೆ, ಇಲ್ಲಿ ಅಜ್ಜಿ ಒಬ್ಬರೇ. ಬಾಡಿಗೆಯ ಬಗ್ಗೆ ಅವರು ಹೆಚ್ಚು ಎಳೆದಾಡಲಿಲ್ಲ. ಹೂಕುಂಡಗಳನ್ನು ಮುಟ್ಟಬಾರದು, ಗೇಟು ಸದಾ ಹಾಕಿರಬೇಕು, ಬೀದಿನಾಯಿಗೆ ಅನ್ನ ಹಾಕಬಾರದು ಎಂದು ಒಂದೊಂದಾಗಿ ಹೇಳಿ, ಕೊನೆಗೆ ಕೇಳಿದರು: "ನಾಲ್ಕು ಗಂಟೆಗೆ ಸರಿಯಾಗಿ ಬೀಗ ಹಾಕುತ್ತೀರಲ್ಲ? ಆಮೇಲೆ ನಾನು ಸ್ವಲ್ಪ ಮಲಗುತ್ತೇನೆ."

ಟೀಚರ್ ನನ್ನ ಮುಖ ನೋಡಿದರು. ನಾನು ಆರೂವರೆಯ ಮಾತೆತ್ತಿದೆ. ಅಜ್ಜಿ ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. "ಸಂಜೆ ಎಷ್ಟು ಮಕ್ಕಳು ಉಳಿಯುತ್ತಾರೆ, ಅದನ್ನು ಮೊದಲು ಹೇಳಿ" ಎಂದರು. ಅದು ನಮಗೂ ಗೊತ್ತಿರಲಿಲ್ಲ. ಹೋಟೆಲು, ಲಾಡ್ಜ್, ಮನೆಗೆಲಸ, ಕಟ್ಟಡದ ಕೆಲಸಕ್ಕೆ ಹೋಗುವ ತಾಯಂದಿರನ್ನು ಕಂಡು ಪಟ್ಟಿ ಮಾಡಿ ತರುತ್ತೇನೆ ಎಂದು ಒಪ್ಪಿಕೊಂಡು ಬಂದೆ. ಕೋಣೆಯ ಅರ್ಜಿ ಕಚೇರಿಗೆ ಹೋಗಿದೆ. ಪಟ್ಟಿಯ ಮೊದಲ ಹೆಸರು ಕ್ರೇಟಿನ ಮೇಲಿದ್ದ ಹುಡುಗಿಯದು. ಉಳಿದವರನ್ನು ಕಾಣಲು ಹೋಟೆಲುಗಳ ಹಿಂಬಾಗಿಲಿಗೇ ಹೋಗಬೇಕು, ಅದೂ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ.