ಕೊಲಂಬಸ್ ಹೆಸರಲ್ಲಿ ಇನ್ನೂ ರಜೆ ಯಾಕೆ?

ಅಕ್ಟೋಬರ್ ಎರಡನೇ ಸೋಮವಾರ ಊರಿಗೆ ಫೋನ್ ಮಾಡಿದರೆ ಅಮ್ಮನಿಂದ ಈ ಪ್ರಶ್ನೆ ಬಂದೇ ಬರುತ್ತದೆ. "ಮಕ್ಕಳು ಮನೇಲೇ ಇದ್ದಾರಲ್ಲ, ಏನು ರಜೆ?" ಕೊಲಂಬಸ್ ಡೇ, ಕೊಲಂಬಸ್ ಅಮೆರಿಕದ ಕಡೆ ಬಂದು ಇಳಿದ ನೆನಪಿಗೆ ಇಲ್ಲಿ ಅಮೆರಿಕದಲ್ಲಿ ಕೊಡುವ ರಜೆ, ಅನ್ನುತ್ತೇನೆ. "ದಾರಿ ತಪ್ಪಿ ಹೋದವನಲ್ವಾ ಅವನು? ಅವನಿಗೂ ಒಂದು ಹಬ್ಬವಾ?" ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದ ಮಗಳ ಮಾತು ಇನ್ನೂ ಖಾರ. ಜನರನ್ನು ಹಿಡಿದು ಮಾರಿದವನ ಹೆಸರಲ್ಲಿ ರಜೆಯೇ ಇರಬಾರದು ಅನ್ನುತ್ತಾಳೆ. ಇಬ್ಬರಿಗೂ ನನ್ನ ಉತ್ತರ ಒಂದೇ. ರಜೆ ಇರಲಿ. ಅವನು ದೊಡ್ಡ ಮನುಷ್ಯ ಅಂತ ಅಲ್ಲ.

ಮಗಳು ಹೇಳುವುದು ಸುಳ್ಳಲ್ಲ. 1492ರ ಆಗಸ್ಟ್ 3ರಂದು ಸ್ಪೇನಿನ ಪಾಲೋಸ್‌ನಿಂದ ಕೊಲಂಬಸ್‌ನ ಮೂರು ಹಡಗು ಹೊರಟವು. ಅಕ್ಟೋಬರ್ 12ರಂದು ಬಹಾಮಾಸ್‌ನ ಒಂದು ದ್ವೀಪ ಸಿಕ್ಕಿತು. ಅಲ್ಲಿನ ಜನರನ್ನು ನೋಡಿದ ಮೊದಲ ದಿನವೇ, ಇವರು ಒಳ್ಳೆ ಆಳುಗಳಾಗುತ್ತಾರೆ ಅಂತ ಬರೆದಿಟ್ಟುಕೊಂಡ. ಮೂರೇ ವರ್ಷದಲ್ಲಿ ಆ ಕಡೆಯ ದ್ವೀಪಗಳ ಮೂಲನಿವಾಸಿಗಳಾದ ಸುಮಾರು 500 ಜನ ಟೈನೋಗಳನ್ನು ಹಡಗಿಗೆ ತುಂಬಿ ಸ್ಪೇನಿಗೆ ಕಳಿಸಲಾಯಿತು, ಅವರಲ್ಲಿ ಸುಮಾರು 200 ಜನ ದಾರಿಯಲ್ಲೇ ಸತ್ತರು. "ಆ ಕಾಲವೇ ಹಾಗಿತ್ತು ಬಿಡಿ" ಅನ್ನುವವರಿದ್ದಾರೆ. ಆದರೆ ಅವನು ಕಳಿಸಿದ್ದ ಕೆಲವರನ್ನು ಬಿಡಿಸಿ ವಾಪಸ್ ಕಳಿಸಿ ಅಂತ 1500ರಲ್ಲಿ ಹೇಳಿದ್ದು ಸ್ಪೇನಿನ ಅರಮನೆಯೇ. ಅದೇ ವರ್ಷ, ಆಡಳಿತ ಕೆಟ್ಟಿದೆ ಎಂಬ ದೂರುಗಳ ಮೇಲೆ, ಅವನನ್ನೂ ಬೇಡಿ ಹಾಕಿ ಹಡಗು ಹತ್ತಿಸಿದರು.

ಹಾಗಾದರೆ ರಜೆ ಯಾಕೆ ಬಂತು? ಇದರಲ್ಲಿ ಕೊಲಂಬಸ್‌ಗಿಂತ ಇಟಲಿಯಿಂದ ವಲಸೆ ಬಂದವರ ಪಾಲೇ ಜಾಸ್ತಿ. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ, ಪೊಲೀಸ್ ಮುಖ್ಯಸ್ಥನ ಕೊಲೆ ಆರೋಪದ ಮೇಲೆ ಜೈಲಿನಲ್ಲಿದ್ದ ಇಟಲಿ ಮೂಲದ 11 ಜನರನ್ನು ಗುಂಪೊಂದು ನುಗ್ಗಿ ಕೊಂದುಹಾಕಿತು. ಅವರಲ್ಲಿ ಕೋರ್ಟು ಬಿಟ್ಟವರೂ ಇದ್ದರು. ಮರುವರ್ಷ ಯಾನಕ್ಕೆ 400 ವರ್ಷ ತುಂಬಿತು, ಅಧ್ಯಕ್ಷ ಹ್ಯಾರಿಸನ್ ದೇಶವೆಲ್ಲ ಆಚರಿಸಲಿ ಅಂತ ಘೋಷಿಸಿದರು. ಕೊಳಕರು, ಕೊಲೆಗಡುಕರು ಅನ್ನಿಸಿಕೊಳ್ಳುತ್ತಿದ್ದ ಜನಕ್ಕೆ ಇಟಲಿಯ ಜಿನೋವಾದ ಈ ನಾವಿಕ ಒಂದು ಆಸರೆಯಾದ: ನೋಡಿ, ನಿಮಗಿಂತ ಮೊದಲು ಬಂದವನು ನಮ್ಮವನೇ! ನಾನೂ ಸೂಟ್‌ಕೇಸ್ ಹಿಡಿದು ಬಂದವನು. ಹೊರಗಿನಿಂದ ಬಂದವರಿಗೆ ನಾವೂ ಇಲ್ಲಿಯವರೇ ಅಂತ ತೋರಿಸಿಕೊಳ್ಳಲು ಒಂದು ಹೆಸರು ಬೇಕಾಗುತ್ತದೆ, ಆ ತವಕ ನನಗೆ ಅರ್ಥವಾಗುತ್ತದೆ. ಅವರು ಹುಡುಕಿಕೊಂಡ ಹೆಸರು ಸರಿಯಿರಲಿಲ್ಲ, ಅಷ್ಟೇ.

ಇನ್ನು ಹೆಸರಿನ ಜಗಳ. 1992ರಲ್ಲೇ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ ಇದನ್ನು ಮೂಲನಿವಾಸಿಗಳ ದಿನ ಅಂತ ಕರೆಯಿತು. 2021ರಲ್ಲಿ ಅಧ್ಯಕ್ಷ ಬೈಡನ್ ಎರಡೂ ದಿನಗಳಿಗೆ ಘೋಷಣೆ ಹೊರಡಿಸಿದರು. ಪ್ರತಿ ವರ್ಷ ಕಿತ್ತಾಟ. ನನಗೆ ಈ ಕಿತ್ತಾಟವೇ ಇಷ್ಟ. ರಜೆ ತೆಗೆದುಹಾಕಿದರೆ ಅಕ್ಟೋಬರಿನಲ್ಲಿ ಟೈನೋಗಳ ಹೆಸರು ಎತ್ತುವವರು ಯಾರು? ನಾನಂತೂ ಆ ಪದ ಕೇಳಿದ್ದೇ ಮಗಳ ಜೊತೆಗಿನ ಇಂಥ ಒಂದು ಜಗಳದಲ್ಲಿ.

ಅಮ್ಮನಿಗೆ ಮಾತ್ರ ಬೇರೆ ಥರ ಹೇಳಬೇಕಾಯಿತು. ಅಮ್ಮ ಇರುವುದು ಮಲೆನಾಡಿನ ಸಾಗರ ಪಟ್ಟಣದ ಹತ್ತಿರ. ಅವನು ಹೊರಟದ್ದು ಚಿನ್ನದ ಜೊತೆಗೆ ಕಾಳುಮೆಣಸನ್ನೂ ಹುಡುಕಿಕೊಂಡು ಅಂದೆ. ಮೆಣಸು ಸಿಗಲಿಲ್ಲ, ಬೇರೊಂದು ಖಾರದ ಕಾಯಿ ಸಿಕ್ಕಿತು. ಸ್ಪೇನಿನವರು ಅದಕ್ಕೂ ಮೆಣಸಿನ ಹೆಸರನ್ನೇ ಸ್ವಲ್ಪ ತಿರುಚಿ ಇಟ್ಟರು. ಆಮೇಲೆ ಪೋರ್ಚುಗೀಸರ ಹಡಗು ಹತ್ತಿ ಆ ಕಾಯಿ ನಮ್ಮ ಕರಾವಳಿಗೆ ಬಂತು, ನಾವೂ ಅದನ್ನೇ ಮಾಡಿದೆವು: ಮೆಣಸಿನ ಥರ ಖಾರದ ಕಾಯಿ, ಮೆಣಸಿನಕಾಯಿ! ಬ್ಯಾಡಗಿ ಇಲ್ಲದೆ ಸಾರಿನ ಪುಡಿ ಮಾಡದ ಅಮ್ಮ ಇದನ್ನು ನಂಬಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಆಲೂಗಡ್ಡೆ, ಟೊಮೆಟೊ, ಶೇಂಗಾ, ಗೇರುಬೀಜ ಎಲ್ಲ ಆ ಕಡೆಯವೇ ಅಂದಾಗ ಸುಮ್ನೆ ಹ್ಞೂಂ ಅಂದಳು.

ಆಮೇಲೆ ಕೇಳಿದಳು: "ಅಲ್ಲೋ, ಅವನು ಹುಡುಕಿದ ಮೆಣಸು ನಮ್ಮ ಅಡಿಕೆ ಮರದ ಮೇಲೇ ಇದೆಯಲ್ಲೋ. ಈ ವರ್ಷ ಚೆನ್ನಾಗಿ ಕಾಯಿ ಕಚ್ಚಿದೆ. ಬರೋವಾಗ ಖಾಲಿ ಡಬ್ಬಿ ತಗೊಂಡು ಬಾ."