ಆರೂ ತಟ್ಟೆ ಒಂದೇ ಥರ ಯಾಕಿಲ್ಲ?

ಸಾಗರದ ಹತ್ತಿರ ನಮ್ಮ ತೋಟದ ಮನೆಯ ಕೊಟ್ಟಿಗೆ ಪಕ್ಕದಲ್ಲೇ ನನ್ನ ತಿಗರಿ, ಭಟ್ಟಿ ಎಲ್ಲ ಇರುವುದು. ನಾನು ಮಾಡುವ ಮಣ್ಣಿನ ತಟ್ಟೆ ಕೊಳ್ಳಲು ಬಂದವರು ಒಂದನ್ನು ಇನ್ನೊಂದರ ಪಕ್ಕ ಹಿಡಿದು ನೋಡಿ ಕೇಳಿಯೇ ಕೇಳುತ್ತಾರೆ: "ಚೆನ್ನಾಗಿವೆ. ಆದ್ರೆ ಆರೂ ಒಂದೇ ಥರ ಯಾಕಿಲ್ಲ? ನೆಂಟರು ಬಂದಾಗ ಸೆಟ್ಟಾಗಿ ಇಡೋದು ಹೇಗೆ?"

ಕಸುಬಿನ ಕಾರಣ ಮೊದಲು. 30 ಸೆಂಟಿಮೀಟರ್ ಅಗಲದ ಹಸಿ ತಟ್ಟೆ ಒಣಗಿ, ಸುಟ್ಟು ಹೊರಬರುವಾಗ 26-27ಕ್ಕೆ ಇಳಿದಿರುತ್ತದೆ. ಅಂಚು ಬೇಗ ಒಣಗಿ ನಡು ಹಸಿಯಾಗೇ ಉಳಿದರೆ ಸೊಟ್ಟಗಾಗುತ್ತದೆ. ಮೇಲಿನ ಹೊಳಪಿಗೆ ನಾನು ಬಳಸುವುದು ಅಡಿಕೆ ಬೇಯಿಸಿದ ಒಲೆಯ ಬೂದಿ. ಅದನ್ನು ನೀರಿನಲ್ಲಿ ಕದಡಿ, ಕ್ಷಾರದ ನೀರು ಬಸಿದು, ಸೋಸಿ, ಫೆಲ್ಡ್‌ಸ್ಪಾರ್ ಅನ್ನುವ ಕಲ್ಲಿನ ಪುಡಿಯನ್ನೂ ಜೇಡಿಮಣ್ಣನ್ನೂ ಬೆರೆಸಿ ಹಚ್ಚುತ್ತೇನೆ. ಸುಮಾರು 1240 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೂದಿಯ ಸುಣ್ಣದಂಶ ಅದೆಲ್ಲವನ್ನೂ ಕರಗಿಸಿ ಗಾಜಾಗಿಸುತ್ತದೆ. ಆ ವರ್ಷ ಯಾವ ಕಟ್ಟಿಗೆ ಉರಿಯಿತು, ತಟ್ಟೆ ಭಟ್ಟಿಯ ಯಾವ ಮೂಲೆಯಲ್ಲಿ ಕೂತಿತ್ತು ಅನ್ನುವುದರ ಮೇಲೆ ಒಂದು ಕೆಸುವಿನೆಲೆಯ ಹಸಿರಾದರೆ ಇನ್ನೊಂದಕ್ಕೆ ಜೋನಿಬೆಲ್ಲದ ಬಣ್ಣ.

ಅಚ್ಚಿಟ್ಟು ಹೆಚ್ಚುಕಡಿಮೆ ಒಂದೇ ಥರ ಮಾಡುವುದೂ ನನಗೆ ಗೊತ್ತು. ಮಾಡದಿರುವುದಕ್ಕೆ ಕಾರಣ ಬೇರೆ.

ನಾನು ಚಿಕ್ಕವಳಿದ್ದಾಗ ಮನೆಯ ಸ್ಟೀಲ್ ತಟ್ಟೆಗಳೆಲ್ಲ ಒಂದೇ ಥರ ಇದ್ದವು. ಬೇರೆ ಥರದ್ದು ಇದ್ದದ್ದು ಒಂದೇ: ನೀಲಿ ಅಂಚಿನ ಬಿಳಿ ಎನಾಮಲ್ ತಟ್ಟೆ, ಬಣ್ಣ ಎದ್ದ ಕಡೆ ಕಬ್ಬಿಣ ಕಾಣುತ್ತಿತ್ತು. ಅದರ ಜಾಗ ಕೊಟ್ಟಿಗೆ ಗೋಡೆಯ ಗೂಡು. ತೋಟದ ಕೆಲಸಕ್ಕೆ ಬರುತ್ತಿದ್ದ ಅಜ್ಜ ಊಟದ ಹೊತ್ತಿಗೆ ತಾವೇ ಅದನ್ನು ಇಳಿಸಿ, ತೊಳೆದುಕೊಂಡು, ಅಂಗಳದ ತುದಿಯಲ್ಲಿ ಕೂರುತ್ತಿದ್ದರು. ಅದೇ ಅನ್ನ, ಅದೇ ಸಾರು. ಸೌಟು ಮಾತ್ರ ತಟ್ಟೆಗೆ ತಾಗದಂತೆ ಅಮ್ಮ ಮೇಲಿನಿಂದ ಬಡಿಸುತ್ತಿದ್ದಳು. ಒಮ್ಮೆ ನಾನು ಆ ತಟ್ಟೆಗೆ ಕಡುಬು ಹಾಕಿಕೊಂಡೆ. ಅಮ್ಮ ಬೈಯಲಿಲ್ಲ. ಕಡುಬನ್ನು ಕಲಗಚ್ಚಿನ ಬಾನಿಗೆ ಸುರಿದಳು. ಬಿಸಿ ಕಡುಬು ಮುಳುಗುವುದನ್ನು ನೋಡುತ್ತ ನಿಂತದ್ದು ನನಗೆ ಇವತ್ತಿಗೂ ಮರೆತಿಲ್ಲ.

ಈಗ ನಮ್ಮ ಮನೆಯಲ್ಲಿ ಯಾವ ಎರಡು ತಟ್ಟೆಯೂ ಜೋಡಿಯಲ್ಲ. ಎಲ್ಲವೂ ಒಂದೇ ಕಪಾಟಿನಲ್ಲಿರುತ್ತವೆ, ಕೈಗೆ ಸಿಕ್ಕಿದ್ದು ಅವರವರದು. ತಂಬುಳಿ ಅನ್ನ ಹರಿಯದಿರಲಿ ಅಂತ ಅಂಚನ್ನು ಒಂದು ಬೆರಳು ಎತ್ತರಿಸಿದ್ದೇನೆ. ನಡುವೆ ಇಡುವ ಬೋಗುಣಿಯನ್ನು ಬೇಕೆಂದೇ ಭಾರ ಮಾಡಿದ್ದೇನೆ. ಎರಡು ಕೈಯಲ್ಲಿ ಹಿಡಿದೇ ಪಕ್ಕದವರಿಗೆ ದಾಟಿಸಬೇಕು.

ಕಳೆದ ಸಲದ ಅಡಿಕೆ ಕೊನೆಕೊಯ್ಲಿಗೆ ಆ ಅಜ್ಜನ ಮೊಮ್ಮಗ ಬಂದಿದ್ದ. ಊಟಕ್ಕೆ ಒಳಗೆ ಬಂದವನು ಕಪಾಟಿನ ಮುಂದೆ ನಿಂತು ಎರಡು ಮೂರು ತಟ್ಟೆ ತಿರುಗಿಸಿ ನೋಡಿ ಹಸಿರಿನದು ತೆಗೆದುಕೊಂಡ. ಅದು ಅಮ್ಮ ದಿನಾ ಉಣ್ಣುವ ತಟ್ಟೆ. ಅಮ್ಮ ಒಂದು ಕ್ಷಣ ನೋಡಿದಳು, ಕಂದು ಬಣ್ಣದ್ದನ್ನು ಎತ್ತಿಕೊಂಡು ಅವನ ಪಕ್ಕದಲ್ಲೇ ಕೂತಳು. ಬೋಗುಣಿ ಅವನ ಕೈಯಿಂದ ಅವಳ ಕೈಗೆ ಬಂತು.

"ಉಪ್ಪು ಸಾಕೇನೋ ತಂಬುಳಿಗೆ?" ಅಂದಳು.